ಉಂಡದ್ದು ಮೈಗೆ ಹತ್ತದಿದ್ದರೆ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಮ್ಮ ವಾಚಕರಲ್ಲಿ ಕೇಳದವರಾರೂ ಇರಲಾರರು. ಮಿತವಾಗಿ, ಹಿತವಾಗಿ, ಹೊತ್ತಿಗೆ ಸರಿಯಾಗಿ ಉಣ್ಣುವವನು ವೈದ್ಯರ ಬಾಗಿಲಿಗೆ ಹೋಗಬೇಕಾದ ಪ್ರಸಂಗ ವಿರಳವೆಂಬುದು ಹಿರಿಯರ ಅನುಭವದ ಮಾತು. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ ಗಾದೆಯು ಹೇಳದೆ ಬಿಟ್ಟಿರುವ ಸಂಗತಿಯೊಂದುಂಟು. ಎಲೆಗೆ ಬಡಿಸಿದ ಅನ್ನವನ್ನು ನಾವು ಹೊಟ್ಟೆಗೆ ಸೇರಿಸಬಹುದು. ಹೊಟ್ಟೆಗೆ ಸೇರಿದ್ದೆಲ್ಲವೂ ಮೈಗೆ ಹತ್ತುವುದೆಂಬ ನಿಶ್ಚಯವಿಲ್ಲ. ಜಠರವಾಗಲಿ ಕರುಳಾಗಲಿ ತನ್ನ ಕೆಲಸದಲ್ಲಿ ಸೋತರೆ, ನಿತ್ಯವೂ ತುಂಬಿದ ಎಲೆಯ ಮುಂದೆ ಕುಳಿತವನೂ ಒಳಗೊಳಗೇ ಹಸಿದಿರುವನು. ಈ ಹಸಿವು ಹೊಟ್ಟೆಯಲ್ಲಿ ಕಾಣಿಸದೆ ಕಾಲುಗಳಲ್ಲಿಯೂ ನಡಿಗೆಯಲ್ಲಿಯೂ ನೆನಪಿನಲ್ಲಿಯೂ ಮೊದಲು ಕಾಣಿಸಿಕೊಳ್ಳುವುದುಂಟು. ಆ ಕಾರಣದಿಂದಲೇ ಅದನ್ನು ಗುರುತಿಸುವುದು ತಡವಾಗುವುದು; ತಡವಾದುದರ ಫಲವನ್ನು ರೋಗಿಯು ಬಾಳಿನುದ್ದಕ್ಕೂ ಅನುಭವಿಸಬೇಕಾಗುವುದು.

ನಮ್ಮ ನೆರೆಮನೆಯ ಹಿರಿಯರೊಬ್ಬರ ವೃತ್ತಾಂತವನ್ನು ಮೊದಲು ಹೇಳುವೆವು. ಅವರು ವಿಶ್ರಾಂತ ಉಪಾಧ್ಯಾಯರು, ಅರವತ್ತೆಂಟರ ವಯಸ್ಸು, ಅನ್ನ, ಸಾರು, ಪಲ್ಯ, ಮಜ್ಜಿಗೆಗಳ ಮಿತಾಹಾರಿಗಳು. 2021ನೆಯ ಇಸವಿಯ ಮಳೆಗಾಲದಲ್ಲಿ ಅವರ ಅಂಗಾಲುಗಳಲ್ಲಿ ಇರುವೆ ಹರಿದಂತೆ ಜುಮುಜುಮು ಆರಂಭವಾಯಿತು. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ದಾರಿಯಲ್ಲಿ ನಡೆಯುತ್ತಿರುವಾಗ ಕಾಲಿನ ಚಪ್ಪಲಿ ಕಳಚಿಹೋದರೂ ಅವರಿಗೆ ಅರಿವಾಗದಾಯಿತು; ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿರುವುದನ್ನು ಅಂಗಳಕ್ಕೆ ಬಂದ ಮೇಲೆ ಸೊಸೆಯು ನೋಡಿ ಹೇಳುವಳು. ಬಚ್ಚಲುಮನೆಯಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹುಯ್ದುಕೊಳ್ಳುವಾಗ ಎರಡು ಬಾರಿ ತೂರಾಡಿ ಗೋಡೆಯನ್ನು ಹಿಡಿದರು. ಮೊದಲೇ ಶಾಂತಸ್ವಭಾವದವರಾದ ಅವರು ಸಣ್ಣ ಮಾತಿಗೂ ಸಿಡುಕತೊಡಗಿದರು. ಪರಿಚಿತರ ಹೆಸರುಗಳನ್ನು ಮರೆಯತೊಡಗಿದರು. “ಅರವತ್ತಕ್ಕೆ ಅರಳುಮರಳು” ಎಂದು ಮನೆಯವರು ಸಮಾಧಾನ ಹೇಳಿಕೊಂಡರು. ಹಾಗೆ ಹೇಳಿದವರಲ್ಲಿ ನಾವೂ ಸೇರಿದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಮುಖ ಬಿಳಿಚಿಕೊಂಡಿದೆಯೆಂದು ಬಂಧುಗಳೊಬ್ಬರು ಔಷಧದ ಅಂಗಡಿಯಿಂದ ರಕ್ತವೃದ್ಧಿಯ ಟಾನಿಕ್ಕನ್ನು ತಂದುಕೊಟ್ಟರು. ಅದರಲ್ಲಿ ಕಬ್ಬಿಣವೂ ಫೋಲಿಕ್ ಆಮ್ಲವೂ ಇದ್ದವು. ಎರಡು ತಿಂಗಳಲ್ಲಿ ಮುಖಕ್ಕೆ ರಂಗು ಬಂದಿತು, ಮನೆಯವರಿಗೆ ಸಂತೋಷವಾಯಿತು. ಆದರೆ ಕಾಲುಗಳ ಸ್ಥಿತಿ ಕೆಡುತ್ತಲೇ ಹೋಗಿ, ಗೋಡೆಯ ಆಸರೆಯಿಲ್ಲದೆ ನಡೆಯಲಾಗದಂತಾಯಿತು. ಕೊನೆಗೆ ಅವರನ್ನು ಪರೀಕ್ಷಿಸಿದ ವೈದ್ಯರು ಕಂಪಿಸುವ ಲೋಹದ ಕವೆಯನ್ನು ಪಾದದ ಗಂಟಿಗೆ ಮುಟ್ಟಿಸಿ ನೋಡಿದರು. ಕಂಪನವು ಹಿರಿಯರಿಗೆ ತಿಳಿಯಲಿಲ್ಲ. ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದೊಡನೆಯೇ ಅವರು ವಾಲಿದರು. ಬಳಿಕ ವೈದ್ಯರು ಕಾಲಿನ ಮಾತನ್ನು ಬಿಟ್ಟು, ಹೊಟ್ಟೆಯ ವಿಚಾರವನ್ನು ಕೇಳತೊಡಗಿದರು. ನಾಲಗೆಯ ಉರಿ, ಊಟವಾದ ಮೇಲಿನ ಭಾರ, ವರ್ಷಗಟ್ಟಲೆ ನುಂಗಿದ ಆಮ್ಲಶಮನದ ಗುಳಿಗೆಗಳು ಇವೆಲ್ಲ ಆಗ ಹೊರಬಂದವು. ರಕ್ತಪರೀಕ್ಷೆಯಲ್ಲಿ ಬಿ-12 ಎಂಬ ಜೀವಸತ್ವವು ಇರಬೇಕಾದುದಕ್ಕಿಂತ ಬಹಳ ಕಡಿಮೆಯಾಗಿದ್ದಿತು.

ಕಾಲಿನ ರೋಗಕ್ಕೆ ಹೊಟ್ಟೆಯನ್ನು ವಿಚಾರಿಸುವುದೇಕೆ? ಇದನ್ನು ತಿಳಿಯಲು ಈ ಜೀವಸತ್ವದ ಪ್ರಯಾಣವನ್ನು ಸ್ವಲ್ಪ ನೋಡಬೇಕು. ಬಿ-12 ಜೀವಸತ್ವವನ್ನು ಸೃಷ್ಟಿಸುವ ಶಕ್ತಿ ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರವೇ ಉಂಟು. ಗಿಡಮರಗಳಲ್ಲಿ ಅದಿಲ್ಲ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಇದೆ. ದಿನಕ್ಕೆ ಬೇಕಾದುದು ಸುಮಾರು 2ರಿಂದ 2.5 ಮೈಕ್ರೊಗ್ರಾಂ, ಎಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಎರಡೂವರೆ ಪಾಲು. ಇಷ್ಟು ಅಲ್ಪವಾದುದಾದರೂ ಇದು ರಕ್ತವನ್ನು ತಾನಾಗಿ ಸೇರಲಾರದು. ಜಠರದ ಆಮ್ಲವು ಅದನ್ನು ಆಹಾರದಿಂದ ಬಿಡಿಸಬೇಕು. ಜಠರದ ಒಳಪೊರೆಯಲ್ಲಿ ಒಸರುವ ಇನ್ನೊಂದು ಪದಾರ್ಥವು ಅದರ ಕೈಹಿಡಿಯಬೇಕು. ಹೀಗೆ ಜೊತೆಗೂಡಿದ ಇವೆರಡೂ ಸಣ್ಣ ಕರುಳಿನ ಉದ್ದಕ್ಕೂ ಸಾಗಿ, ಅದರ ಕಟ್ಟಕಡೆಯ ಭಾಗಕ್ಕೆ ಬಂದಾಗ ಮಾತ್ರ ಜೀವಸತ್ವವು ಒಳಕ್ಕೆ ಹೀರಲ್ಪಡುವುದು. ಈ ದಾರಿಯಲ್ಲಿ ಎಲ್ಲಿ ತಡೆಯುಂಟಾದರೂ, ದಿನವೂ ಹಾಲು ಕುಡಿಯುವವನಿಗೂ ಕೊರತೆ ತಪ್ಪದು.

ತಡೆಗಳಾದರೂ ಹಲವು ಬಗೆ. ವಯಸ್ಸಾದಂತೆ ಕೆಲವರ ಜಠರದ ಒಳಪೊರೆ ಕ್ಷೀಣಿಸಿ ಆಮ್ಲವು ತಗ್ಗುವುದು. ಕೆಲವರಲ್ಲಿ ಶರೀರವು ತನ್ನ ಜಠರದ ಮೇಲೆಯೇ ಹಗೆ ಸಾಧಿಸಿ, ಆ ಸಹಾಯಕ ಪದಾರ್ಥವು ಉತ್ಪತ್ತಿಯಾಗದಂತೆ ಮಾಡುವುದು. ಜಠರವನ್ನೋ ಕರುಳಿನ ಕೊನೆಯ ಭಾಗವನ್ನೋ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿರಬಹುದು. ನಮ್ಮ ದೇಶದಲ್ಲಿ ಇಂದಿಗೂ ಕಾಣುವ ಕರುಳಿನ ಕ್ಷಯರೋಗವು ಸಣ್ಣ ಕರುಳೂ ದೊಡ್ಡ ಕರುಳೂ ಸಂಧಿಸುವ ಆ ಕೊನೆಯ ಭಾಗದಲ್ಲಿಯೇ ಹೆಚ್ಚಾಗಿ ನೆಲೆಸುವುದು. ಆಮ್ಲವನ್ನಡಗಿಸುವ ಗುಳಿಗೆಗಳನ್ನೂ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಎಂಬ ಔಷಧವನ್ನೂ ವರ್ಷಗಟ್ಟಲೆ ಸೇವಿಸುವವರಲ್ಲಿಯೂ ಈ ಜೀವಸತ್ವವು ಕಡಿಮೆಯಾಗುವುದುಂಟು.

ಇಷ್ಟಾದರೂ ಕೊರತೆಯು ಒಂದೇ ದಿನದಲ್ಲಿ ತಿಳಿಯುವುದಿಲ್ಲ. ಯಕೃತ್ತು ಮೊದಲಾದ ಅಂಗಗಳಲ್ಲಿ ಕೆಲವು ಮಿಲಿಗ್ರಾಮಿನಷ್ಟು ದಾಸ್ತಾನು ಇರುವುದರಿಂದ, ವರಮಾನ ನಿಂತ ಮನೆಯು ಹಿಂದಿನ ಉಳಿತಾಯದಲ್ಲಿ ನಡೆಯುವಂತೆ, ಶರೀರವು ಕೆಲವು ವರ್ಷಗಳನ್ನೇ ಕಳೆಯಬಲ್ಲದು. ಬಳಿಕ ಎರಡು ಕಡೆಗಳಲ್ಲಿ ನಷ್ಟವು ಕಾಣುವುದು. ಒಂದು, ರಕ್ತದಲ್ಲಿ: ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ದೊಡ್ಡವಾಗುವುವು. ಇನ್ನೊಂದು, ನರಗಳಲ್ಲಿ: ನರದೆಳೆಗಳನ್ನು ಸುತ್ತಿರುವ ಕೊಬ್ಬಿನ ಹೊದಿಕೆಯು ಶಿಥಿಲವಾಗುವುದು. ಬೆನ್ನುಹುರಿಯ ಹಿಂಭಾಗದಲ್ಲಿ ಸಾಗುವ ಎಳೆಗಳು ಪಾದವು ಎಲ್ಲಿದೆ, ಹೇಗೆ ಊರಿದೆ ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯತಕ್ಕವು. ಅವು ಕೆಟ್ಟರೆ ಕಾಲಿನ ಸುದ್ದಿಯನ್ನು ಕಣ್ಣೇ ಹೇಳಬೇಕಾಗುವುದು. ಬೆಳಕಿನಲ್ಲಿ ಹೇಗೋ ನಡೆಯುವವನು ಕತ್ತಲಲ್ಲಿ ಎಡವುವುದೂ, ಸ್ನಾನದಲ್ಲಿ ಕಣ್ಣು ಮುಚ್ಚಿದೊಡನೆ ತೂರಾಡುವುದೂ ಇದರಿಂದಲೇ.

ಇಷ್ಟು ವಿಷಯವು ತಿಳಿಯಲು ಸುಮಾರು ನೂರು ವರ್ಷಗಳೇ ಬೇಕಾದವು. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ನರು 1849ರಲ್ಲಿ, ಕಾರಣ ತಿಳಿಯದೆ ಬಂದು ಸಾವಿನಲ್ಲಿ ಮುಗಿಯುವ ಒಂದು ಬಗೆಯ ರಕ್ತಹೀನತೆಯನ್ನು ವರ್ಣಿಸಿದರು. 1900ರಲ್ಲಿ ರಸೆಲ್, ಬ್ಯಾಟನ್, ಕಾಲಿಯರ್ ಎಂಬ ಮೂವರು ವೈದ್ಯರು ಅದರೊಡನೆ ಬರುವ ಬೆನ್ನುಹುರಿಯ ರೋಗವನ್ನು ವಿವರಿಸಿದರು. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಎಂಬವರು ಯಕೃತ್ತಿನ ಮಾಂಸವನ್ನು ಹೇರಳವಾಗಿ ಉಣಿಸಿ ರೋಗಿಗಳನ್ನು ಬದುಕಿಸಿದರು. 1934ರಲ್ಲಿ ವಿಪಲ್ಲರೊಡನೆ ಅವರಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಆದರೂ ಒಂದು ಪ್ರಶ್ನೆಯು ಉಳಿದೇ ಇದ್ದಿತು. ಒಂದೇ ಪಂಕ್ತಿಯಲ್ಲಿ ಒಂದೇ ಊಟವನ್ನುಂಡ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಈ ರೋಗವೇಕೆ?

ಇದಕ್ಕೆ ಉತ್ತರವನ್ನು ಕೊಟ್ಟವರು ಬಾಸ್ಟನ್ನಿನವರೇ ಆದ ವಿಲಿಯಂ ಕ್ಯಾಸಲ್. ಅವರು ಮಾಡಿದ ಪರೀಕ್ಷೆಯನ್ನು ಓದಿದವರು ಮೊದಲು ಮುಖ ಕಿವಿಚಿದರೂ ಆಮೇಲೆ ತಲೆದೂಗದೆ ಇರಲಾರರು. ರೋಗಿಗಳಿಗೆ ಹತ್ತು ದಿನ ಬರಿಯ ಮಾಂಸವನ್ನು ಕೊಟ್ಟು ನೋಡಿದರು; ರಕ್ತವು ವೃದ್ಧಿಯಾಗಲಿಲ್ಲ. ಬಳಿಕ ತಾವೇ 300 ಗ್ರಾಮಿನಷ್ಟು ಮಾಂಸವನ್ನುಂಡು, ಒಂದು ಗಂಟೆಯಾದ ಮೇಲೆ ಅದನ್ನು ತಮ್ಮ ಹೊಟ್ಟೆಯಿಂದ ಹೊರತೆಗೆದು, ಬೆಚ್ಚಗಿಟ್ಟು ಕರಗಿಸಿ, ನಳಿಕೆಯ ಮೂಲಕ ರೋಗಿಯ ಜಠರಕ್ಕೆ ಸೇರಿಸಿದರು. ಕೆಲವೇ ದಿನಗಳಲ್ಲಿ ರೋಗಿಯ ರಕ್ತದಲ್ಲಿ ಹೊಸ ಕಣಗಳು ತಲೆಯೆತ್ತಿದವು. ಆಹಾರದಲ್ಲಿ ಕೊರತೆಯಿರಲಿಲ್ಲ, ರೋಗಿಯ ಜಠರದಲ್ಲಿದ್ದಿತು ಎಂಬುದು 1929ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ ಸ್ಪಷ್ಟವಾಯಿತು. 1948ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬಿ-12 ಜೀವಸತ್ವವನ್ನು ಕೆಂಪು ಹರಳುಗಳ ರೂಪದಲ್ಲಿ ಬೇರ್ಪಡಿಸಿದ ಮೇಲೆ, ಯಕೃತ್ತನ್ನು ಉಣ್ಣುವ ಕಷ್ಟವೂ ರೋಗಿಗಳಿಗೆ ತಪ್ಪಿತು.

ಇನ್ನು ನಮ್ಮ ಹಿರಿಯರು ಕುಡಿದ ಟಾನಿಕ್ಕಿನ ವಿಷಯ. ಫೋಲಿಕ್ ಆಮ್ಲದ ಚರಿತ್ರೆಯಲ್ಲಿ ಭಾರತಕ್ಕೆ ಹೆಮ್ಮೆಯ ಪಾಲುಂಟು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು 1928ರಿಂದ ಮುಂಬಯಿಯಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ತೋರಿಸಿದಳು. ಆ ಸಾರದಲ್ಲಿದ್ದ ಫೋಲಿಕ್ ಆಮ್ಲವನ್ನು 1945ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ನಾಯಕರು ಭೀಮಾವರಂನಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾಯರು. ಅಸಂಖ್ಯ ತಾಯಂದಿರಿಗೆ ಉಪಕಾರವಾದ ಈ ಔಷಧವನ್ನು ಬಿ-12ರ ಕೊರತೆಯವರಿಗೂ ಕೊಟ್ಟಾಗ ವಿಚಿತ್ರವೊಂದು ಕಂಡುಬಂದಿತು. ರಕ್ತವು ಸುಧಾರಿಸಿತು, ನರಗಳು ಸುಧಾರಿಸಲಿಲ್ಲ, ಕೆಲವರಲ್ಲಿ ನರರೋಗವು ಮೊದಲಿಗಿಂತ ಬೇಗನೆ ಬಲಿಯಿತು. ಬಿ-12 ಮಾಡಬೇಕಾದ ಎರಡು ಕೆಲಸಗಳಲ್ಲಿ ರಕ್ತದ ಕೆಲಸವನ್ನು ಮಾತ್ರವೇ ಫೋಲಿಕ್ ಆಮ್ಲವು ವಹಿಸಿಕೊಳ್ಳಬಲ್ಲದು. ಆದಕಾರಣ ಕೆನ್ನೆಯ ರಂಗನ್ನು ನೋಡಿ ರೋಗಿ ಗುಣವಾದನೆಂದು ನಂಬುವುದು ಅಪಾಯ. ರಕ್ತಹೀನತೆಯು ಕಾಣಿಸದೆಯೇ ನರಗಳು ಕೆಡುವುದೂ ಉಂಟೆಂಬುದನ್ನು ಇದರೊಡನೆ ನೆನಪಿಡಬೇಕು.

ಬಿ-12 ವರ್ಷಗಳ ಮೇಲೆ ಮುಗಿಯುವ ಉಗ್ರಾಣವಾದರೆ, ಬಿ-1 ಅಥವಾ ಥಯಾಮಿನ್ ಎಂಬುದು ವಾರಗಳಲ್ಲಿ ಬರಿದಾಗುವ ಡಬ್ಬಿ. ಶರೀರದಲ್ಲಿ ಅದರ ದಾಸ್ತಾನು ಎರಡು ಮೂರು ವಾರಗಳಿಗೆ ಸಾಕಾಗುವಷ್ಟೇ. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಎಂಬ ವೈದ್ಯರು ಮೂವರು ರೋಗಿಗಳನ್ನು ವರ್ಣಿಸಿದರು. ಇಬ್ಬರು ಮದ್ಯಪಾನಾಸಕ್ತ ಪುರುಷರು. ಮೂರನೆಯವಳು ಇಪ್ಪತ್ತು ವರ್ಷದ, ಬಟ್ಟೆ ಹೊಲಿದು ಜೀವಿಸುತ್ತಿದ್ದ ಹೆಣ್ಣುಮಗಳು. ಗಂಧಕಾಮ್ಲವನ್ನು ನುಂಗಿದ್ದ ಆಕೆಯ ಜಠರದ ಕೆಳಬಾಗಿಲು ಸುಟ್ಟು ಬಿಗಿದುಕೊಂಡು, ಉಂಡದ್ದೆಲ್ಲ ವಾಂತಿಯಾಗುತ್ತಿದ್ದಿತು. ಬರಬರುತ್ತ ಆಕೆಯ ಕಣ್ಣಿನ ಗುಡ್ಡೆಗಳು ಸರಿಯಾಗಿ ಹೊರಳದಾದವು, ನಿಂತರೆ ತೂಕಡಿಸುವಳು, ಮನಸ್ಸಿಗೆ ಭ್ರಮೆ ಕವಿಯಿತು. ಮೂವರೂ ತೀರಿಕೊಂಡರು. ಕಾರಣವು ಅನ್ನದೊಳಗಿನ ಒಂದು ಪದಾರ್ಥದ ಅಭಾವವೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ಆ ಪದಾರ್ಥವನ್ನು 1936ರಲ್ಲಿ ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸರು ನೆಲ್ಲೂರಿನಲ್ಲಿ ಹುಟ್ಟಿದವರೆಂಬುದು ಸ್ವಾರಸ್ಯದ ಸಂಗತಿ.

ಆ ಹೆಣ್ಣುಮಗಳ ಕಥೆಯು ಹಳೆಯದಾದರೂ ಅಪಾಯವು ಹಳೆಯದಲ್ಲ. ಬಸುರಿಯ ವಾಂತಿ ಸಹಜವೆಂದು ನಮ್ಮ ಮನೆಗಳಲ್ಲಿ ಹೇಳುವುದು ವಾಡಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ವಾರಗಟ್ಟಲೆ ಏನೂ ನಿಲ್ಲದಂತೆ ವಾಂತಿಯಾದರೆ, ತೂಕವು ಇಳಿದರೆ, ಅದನ್ನು ಸಹಜವೆನ್ನಬಾರದು. ಸ್ಥೂಲಕಾಯವನ್ನಿಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ, ಕರುಳಿನ ತಡೆಯುಳ್ಳವರಿಗೂ ಇದೇ ಮಾತು ಸಲ್ಲುವುದು. ಇಂಥವರ ಕಣ್ಣು ಎರಡೆರಡಾಗಿ ಕಾಣತೊಡಗಿದರೆ, ನಡಿಗೆ ತಪ್ಪಿದರೆ, ಮಾತು ಗೊಂದಲವಾದರೆ, ಮೂರೂ ಕೂಡಿ ಬರಲೆಂದು ಕಾಯದೆ, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಒಯ್ದಾಗ “ಇಷ್ಟು ದಿನದಿಂದ ಹೊಟ್ಟೆಯಲ್ಲಿ ಏನೂ ನಿಂತಿಲ್ಲ” ಎಂಬುದನ್ನು ಮೊದಲು ಹೇಳಬೇಕು. ಏಕೆಂದರೆ ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಲು ಥಯಾಮಿನ್ ಬೇಕು. ಬರಿದಾದ ಶರೀರಕ್ಕೆ ಥಯಾಮಿನ್ ಕೊಡದೆ ಗ್ಲೂಕೋಸನ್ನು ಮಾತ್ರ ಏರಿಸಿದರೆ, ಉಳಿದಿದ್ದ ಚೂರೂ ವೆಚ್ಚವಾಗಿ ಮೆದುಳಿಗೆ ಕೇಡಾಗಬಹುದು. ಸಕಾಲದಲ್ಲಿ ಚುಚ್ಚುಮದ್ದು ಕೊಟ್ಟರೆ ಕಣ್ಣಿನ ದೋಷವು ಕೆಲವೇ ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಸರಿಹೋಗುವುದು. ತಡವಾದರೆ ಪ್ರಾಣವುಳಿದರೂ ಹೊಸದಾಗಿ ಏನನ್ನೂ ನೆನಪಿಡಲಾರದ ಸ್ಥಿತಿಯು ಉಳಿದುಬಿಡುವುದುಂಟು.

ಕರುಳಿನ ಒಳಪೊರೆಯೇ ಸವೆದರೆ ಒಂದಲ್ಲ, ಹಲವು ಸತ್ವಗಳು ಒಟ್ಟಿಗೆ ನಷ್ಟವಾಗುವುವು. ಉಷ್ಣದೇಶಗಳ ಸ್ಪ್ರೂ ಎಂಬ ಬೇನೆಯು ಇಂಥದು. 1960ರ ದಶಕದ ಮೊದಲ ವರ್ಷಗಳಲ್ಲಿ ಅದು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಹಬ್ಬಿದಾಗ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಅದನ್ನು ವಿವರವಾಗಿ ಅಭ್ಯಸಿಸಿದರು. ಗೋಧಿಯ ಅಂಟು ಕೆಲವರ ಕರುಳಿಗೆ ಆಗಿಬರುವುದಿಲ್ಲವೆಂಬುದನ್ನು ಸ್ಥಿರಪಡಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1944-45ರ ಯುದ್ಧಕಾಲದ ಚಳಿಗಾಲದಲ್ಲಿ ಅಲ್ಲಿ ರೊಟ್ಟಿಗೆ ಬರ ಬಂದಾಗ, ಊರೆಲ್ಲ ಸೊರಗುತ್ತಿದ್ದರೂ ಈ ರೋಗದ ಮಕ್ಕಳು ಚೇತರಿಸಿಕೊಂಡುದನ್ನು ಅವರು ನೋಡಿದ್ದರು. ಈ ರೋಗದಲ್ಲಿ ಹೊಟ್ಟೆಯ ತೊಂದರೆಯು ಅಷ್ಟಾಗಿಲ್ಲದೆ ನಡಿಗೆಯ ತೂಕವೊಂದೇ ತಪ್ಪುವುದೂ ಉಂಟು. ಪಿತ್ತರಸವು ಕರುಳಿಗೆ ಇಳಿಯದ ಮಕ್ಕಳಲ್ಲಿ ಕೊಬ್ಬು ಜೀರ್ಣವಾಗದೆ, ಅದರೊಡನೆ ಬರುವ ಇ ಜೀವಸತ್ವವೂ ನಷ್ಟವಾಗಿ ನರಗಳು ಕೆಡುವುವು. ಜಠರದ ಶಸ್ತ್ರಚಿಕಿತ್ಸೆಯ ವರ್ಷಗಳ ಬಳಿಕ ತಾಮ್ರದ ಅಂಶವು ಕಡಿಮೆಯಾಗಿ, ಬಿ-12ರ ಕೊರತೆಯನ್ನೇ ಹೋಲುವ ಬೆನ್ನುಹುರಿಯ ರೋಗ ಬರುವುದೂ ಉಂಟು.

ಇಷ್ಟನ್ನೆಲ್ಲ ಓದಿದ ಗೃಹಸ್ಥರು, ಕಾಲು ಜೋಮು ಹಿಡಿದಾಗಲೆಲ್ಲ ಗಾಬರಿಯಾಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ ಬರುವ ಜೋಮು ಎರಡು ನಿಮಿಷದಲ್ಲಿ ಹೋಗುವುದು. ಎರಡೂ ಪಾದಗಳಲ್ಲಿ ಸಮವಾಗಿ, ವಾರಗಟ್ಟಲೆ ಬಿಡದೆ ಇರುವ ಜುಮುಜುಮು. ತಿಳಿಯದೆ ಕಳಚುವ ಚಪ್ಪಲಿ. ಹತ್ತಿಯ ಮೇಲೆ ನಡೆದಂತಾಗುವುದು. ಕತ್ತಲಲ್ಲಿಯೂ ಬಚ್ಚಲಲ್ಲಿಯೂ ತೂರಾಡುವುದು. ನುಣ್ಣಗಾಗಿ ಉರಿಯುವ ಕೆಂಪು ನಾಲಗೆ. ಕೆಲವೇ ತಿಂಗಳುಗಳಲ್ಲಿ ಬದಲಾದ ಸ್ವಭಾವ ಮತ್ತು ನೆನಪು ಇವುಗಳಲ್ಲಿ ಯಾವುದನ್ನು ಕಂಡರೂ ವೈದ್ಯರಿಗೆ ತೋರಿಸತಕ್ಕದ್ದು. ಇವುಗಳೊಡನೆ ಹಳೆಯ ಭೇದಿ, ಹೊಟ್ಟೆಯ ಶಸ್ತ್ರಚಿಕಿತ್ಸೆ, ಆಮ್ಲದ ಗುಳಿಗೆಗಳ ದೀರ್ಘಸೇವನೆ ಇದ್ದರಂತೂ ತಡಮಾಡಲೇಬಾರದು. ಸಕ್ಕರೆ ಕಾಯಿಲೆಯವರು ಕಾಲಿನ ಉರಿಯನ್ನೆಲ್ಲ ಸಕ್ಕರೆಯ ತಲೆಗೇ ಕಟ್ಟದೆ, ಬಿ-12ನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹಾಲು ಮೊಸರನ್ನೂ ಅಷ್ಟಾಗಿ ಬಳಸದ ಸಸ್ಯಾಹಾರಿಗಳು ಹೊಟ್ಟೆ ಚೆನ್ನಾಗಿದ್ದರೂ ಈ ವಿಷಯದಲ್ಲಿ ಎಚ್ಚರದಿಂದಿರಬೇಕು.

ವೈದ್ಯರ ಬಳಿಗೆ ಹೋಗುವಾಗ, ಸೇವಿಸುತ್ತಿರುವ ಗುಳಿಗೆ, ಟಾನಿಕ್ಕುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಅವುಗಳಲ್ಲಿ ಯಾವುದನ್ನೂ ತಾವಾಗಿ ನಿಲ್ಲಿಸಬೇಡಿರಿ. ಪರೀಕ್ಷೆಗೆ ಮುಂಚೆ ತಾವಾಗಿ ಜೀವಸತ್ವದ ಗುಳಿಗೆಗಳನ್ನು ನುಂಗಿದರೆ ರಕ್ತದ ಲೆಕ್ಕವು ಮೇಲಕ್ಕೇರಿ ಕಾರಣವೇ ಮರೆಯಾಗುವುದುಂಟು. ಕೊರತೆಯಿದೆಯೆಂದು ತಿಳಿದ ಮೇಲೆ ಅದನ್ನು ತುಂಬುವುದು ಅಷ್ಟು ಕಷ್ಟವಲ್ಲ, ಅಷ್ಟು ವೆಚ್ಚದ್ದೂ ಅಲ್ಲ. ನರಗಳಿಗೆ ತಾಕಿದ್ದರೆ ಸಾಮಾನ್ಯವಾಗಿ ಚುಚ್ಚುಮದ್ದಿನಿಂದ ಆರಂಭಿಸುವರು. ಹೆಚ್ಚಿನ ಪ್ರಮಾಣದಲ್ಲಿ ನುಂಗಿದ ಬಿ-12ರಲ್ಲಿ ಸ್ವಲ್ಪಾಂಶವು ಸಹಾಯಕ ಪದಾರ್ಥವಿಲ್ಲದೆಯೂ ಒಳಸೇರುವುದರಿಂದ ಮುಂದೆ ಕೆಲವರಿಗೆ ಗುಳಿಗೆಗಳೇ ಸಾಕಾಗಬಹುದು. ಜಠರದ ದೋಷವು ಶಾಶ್ವತವಾಗಿದ್ದರೆ ಮದ್ದೂ ಜೀವನಪರ್ಯಂತ ಬೇಕಾಗುವುದು. ಮೈ ಹಗುರವಾಯಿತೆಂದು ನಡುವೆ ಬಿಟ್ಟವರು ಮತ್ತೆ ಅದೇ ಸ್ಥಿತಿಗೆ ಬರುವರು.

ನಮ್ಮ ಹಿರಿಯರ ವಿಷಯವನ್ನು ಹೇಳಿ ಮುಗಿಸುವೆವು. ಚುಚ್ಚುಮದ್ದು ಆರಂಭವಾದ ಮೂರು ತಿಂಗಳಲ್ಲಿ ಅವರ ಸಿಡುಕು ಹೋಯಿತು. ಹೆಸರುಗಳು ನೆನಪಿಗೆ ಬಂದವು. ಮೊಮ್ಮಗಳಿಗೆ ಮೊದಲಿನಂತೆ ಲೆಕ್ಕ ಹೇಳಿಕೊಡತೊಡಗಿದರು. ನಾವು ಅರಳುಮರಳೆಂದು ಕರೆದದ್ದು ಅರಳುಮರಳಾಗಿರಲಿಲ್ಲ. ಆದರೆ ಪಾದಗಳ ಮರವು ಪೂರ್ತಿಯಾಗಿ ಬಿಡಲಿಲ್ಲ. ಇಂದಿಗೂ ಅವರು ಕೋಲನ್ನೂರಿ ನಡೆಯುವರು. ಸ್ನಾನಕ್ಕೆ ಕುಳಿತೇ ನೀರು ಹುಯ್ದುಕೊಳ್ಳುವರು. “ಚಪ್ಪಲಿ ಮೊದಲ ಸಲ ಕಳಚಿದಾಗಲೇ ಬಂದಿದ್ದರೆ ಕೋಲು ಬೇಕಾಗುತ್ತಿರಲಿಲ್ಲವೇನೋ” ಎಂದು ವೈದ್ಯರು ಹೇಳಿದರಂತೆ. ಆ ಮಾತನ್ನು ನಮಗೆ ತಿಳಿಸುವಾಗ ಹಿರಿಯರು ಯಾರನ್ನೂ ದೂರಲಿಲ್ಲ, ನಕ್ಕು ಸುಮ್ಮನಾದರು. ನಮಗೆ ಮಾತ್ರ ನಗಲಾಗಲಿಲ್ಲ. ನಿಮ್ಮ ಮನೆಯ ಅಂಗಳದಲ್ಲಿ ಯಾರಾದರೂ ಒಂದೇ ಚಪ್ಪಲಿಯಲ್ಲಿ ಬಂದು ನಿಂತರೆ, ವಯಸ್ಸಾಯಿತೆಂದು ಹೇಳುವುದಕ್ಕೆ ಮುಂಚೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರೆಂದು ನಮ್ಮ ವಾಚಕರನ್ನು ಬೇಡಿಕೊಳ್ಳುವೆವು.